ಬೆಂಕಿಯ ಬಗ್ಗೆ ಕಾಡಿನಲ್ಲೇ ನಿಂತು ಮಾತಾಡೋಕೆ ಕಲಿತದ್ದು

ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಲಂಟಾನ ಪೊದೆ ಹೇಗೆ ಹಬ್ಬುತ್ತಿದೆ, ಬೇಸಿಗೆಯ ಬಿಸಿ ಏರುತ್ತಾ ಹೋದರೆ ಆ ಪೊದೆಗೆ ಬೀಳುವ ಬೆಂಕಿ ಹೇಗೆ ಬದಲಾಗಬಹುದು ಅನ್ನೋದು ನನ್ನ ಪಿಎಚ್‌ಡಿ ವಿಷಯ. ಥೀಸಿಸ್ ಬರೆಯೋಕೆ ಕೂತ ಹೊತ್ತಿನಲ್ಲಿ ನನ್ನ ಗೈಡ್ ಒಂದು ತರಬೇತಿಯ ವಿವರ ಕಳಿಸಿದರು. ಸಂಶೋಧನೆಗೆ ಹೊಸದಾಗಿ ಬಂದವರಿಗೆ, ಹವಾಮಾನ ಬದಲಾವಣೆ ಮತ್ತು ಕಾಡಿನ ರಕ್ಷಣೆಯ ಬಗ್ಗೆ ಜನರ ಜೊತೆ ಮಾತಾಡುವುದನ್ನು ಕಲಿಸುವ ತರಬೇತಿ. ಮಾತು ನಡೆಯಬೇಕಾದದ್ದು ಸಭಾಂಗಣದಲ್ಲಲ್ಲ, ಹುಲಿ ಮೀಸಲು ಪ್ರದೇಶಗಳು ಮತ್ತು ರಾಷ್ಟ್ರೀಯ ಉದ್ಯಾನಗಳ ಒಳಗೆ. ಅಲ್ಲಿಗೆ ಬರುವ ಪ್ರವಾಸಿಗರ ಜೊತೆ, ಅಲ್ಲೇ ಕೆಲಸ ಮಾಡುವ, ಅಲ್ಲೇ ಬದುಕುವ ಜನರ ಜೊತೆ. ಮೊದಲ ಭಾಗ ಮೈಸೂರಿನಲ್ಲಿ ತರಗತಿ. ಎರಡನೆಯದು ಅವರವರ ಕಾಡಿನಲ್ಲಿ. ಮರುದಿನವೇ ಅರ್ಜಿ ಹಾಕಿದೆ.

ಅಷ್ಟು ಬೇಗ ಹಾಕೋಕೆ ಕಾರಣ ಇತ್ತು. ನನ್ನ ವಿಷಯವನ್ನು ಬಿಳಿಗಿರಿಯಲ್ಲಿ ಬಾಯಿಬಿಟ್ಟು ಹೇಳುವುದು ಸುಲಭವಲ್ಲ.

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಬಿಳಿಗಿರಿ ಕಾಡು 1974ರಲ್ಲಿ ಅಭಯಾರಣ್ಯವಾಯಿತು, 2011ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಅದಕ್ಕೂ ಎಷ್ಟೋ ತಲೆಮಾರು ಮೊದಲಿನಿಂದ ಸೋಲಿಗ ಬುಡಕಟ್ಟಿನವರು ಅಲ್ಲಿದ್ದಾರೆ. ಬೆಟ್ಟದ ಮೇಲಿನ ರಂಗಸ್ವಾಮಿ ಅವರಿಗೆ ದೇವರಷ್ಟೇ ಅಲ್ಲ, ಮನೆಯ ಹೆಣ್ಣುಮಗಳನ್ನು ಮದುವೆಯಾದ ಭಾವ. ಬೇಸಿಗೆ ಪೂರ್ತಿ ಬಲಿಯುವ ಮೊದಲೇ ನೆಲದ ಮೇಲೆ ಬಿದ್ದ ಒಣ ಎಲೆಗೆ ಅವರು ಸಣ್ಣಗೆ ಬೆಂಕಿ ಹಾಕುತ್ತಿದ್ದರು. ಅದನ್ನು ತರಗು ಬೆಂಕಿ ಅನ್ನುತ್ತಾರೆ. ಅಭಯಾರಣ್ಯ ಆದ ಮೇಲೆ ಅದು ನಿಂತಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮಿನ ಪ್ರಕಾರ ಅಭಯಾರಣ್ಯಕ್ಕೆ ಬೆಂಕಿ ಹಚ್ಚುವುದು ಅಪರಾಧ.

ತರಗು ಬೆಂಕಿ ನಿಂತ ಮೇಲೆ ಲಂಟಾನ ಹೆಚ್ಚಿತು ಅನ್ನುವುದು ಸೋಲಿಗ ಹಿರಿಯರ ಮಾತು. ನೆಲ್ಲಿ ಮರಗಳ ಮೇಲೆ ಬದನಿಕೆ ಅನ್ನುವ ಪರಾವಲಂಬಿ ಗಿಡ ಹೆಚ್ಚಿದ್ದಕ್ಕೂ ಅವರು ಅದೇ ಕಾರಣ ಕೊಡುತ್ತಾರೆ. ಲಂಟಾನ ಹೆಚ್ಚಿದ್ದಂತೂ ನಿಜ, ಅದರಲ್ಲಿ ಅನುಮಾನವಿಲ್ಲ. ಕಾಡಿನ ಉದ್ದಗಲಕ್ಕೂ ಗುರುತು ಮಾಡಿದ ಪ್ಲಾಟ್‌ಗಳನ್ನು ಸಂಶೋಧಕರು ನೋಡಿದಾಗ, 1997ರಲ್ಲಿ ಶೇ 41ರಷ್ಟು ಪ್ಲಾಟ್‌ಗಳಲ್ಲಿ ಲಂಟಾನ ಇತ್ತು. 2008ರಲ್ಲಿ ಮತ್ತೆ ನೋಡಿದಾಗ ಅದು ಶೇ 81 ಆಗಿತ್ತು. ಹನ್ನೊಂದು ವರ್ಷಕ್ಕೆ ಎರಡರಷ್ಟು. ಕಾರಣ ಏನು ಅನ್ನೋದರಲ್ಲಿ ಮಾತ್ರ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಬೆಂಕಿ ಬಿದ್ದರೆ ಕಾಡು ತೆರೆದುಕೊಳ್ಳುತ್ತದೆ, ಬಿಸಿಲು ನೆಲಕ್ಕೆ ಬೀಳುತ್ತದೆ, ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ, ಆ ಪೊದೆ ಒಣಗಿ ಮುಂದಿನ ಬೆಂಕಿಗೆ ಮೇವಾಗುತ್ತದೆ ಅನ್ನುವುದು ಒಂದು ವಾದ. ಸಣ್ಣ ಬೆಂಕಿಯೇ ಇಲ್ಲದ್ದರಿಂದ ಎಳೆಯ ಲಂಟಾನ ಸಾಯದೆ ಬಲಿತು ನಿಂತಿತು, ಈಗ ಬೀಳುವ ಬೆಂಕಿ ಎಲ್ಲವೂ ದೊಡ್ಡದೇ ಆಗುತ್ತದೆ ಅನ್ನುವುದು ಇನ್ನೊಂದು.

ಇದನ್ನು ‘ಕಾಡಿಗೆ ಬೆಂಕಿ ಹಚ್ಚಬೇಡಿ’ ಎಂಬ ಬೋರ್ಡ್ ಪಕ್ಕದಲ್ಲೇ ನಿಂತು ಹೇಳಬೇಕು. ಬೆಂಕಿ ನಂದಿಸುವುದನ್ನೇ ಕೆಲಸ ಮಾಡಿಕೊಂಡವರಿಗೂ ಹೇಳಬೇಕು. 2017ರಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸಲು ಹೋದ ಫಾರೆಸ್ಟ್ ಗಾರ್ಡ್ ಒಬ್ಬರು ಜೀವ ಕಳೆದುಕೊಂಡರು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಕಡೆ ಸಾವಿರಾರು ಎಕರೆ ಉರಿದು, ವಾಯುಪಡೆಯ ಹೆಲಿಕಾಪ್ಟರ್ ತಂದು ನೀರು ಸುರಿಯಬೇಕಾಯಿತು. ಚಾಮರಾಜನಗರ ಜಿಲ್ಲೆಯ ಕಾಡಿನಲ್ಲಿ ‘ಸಣ್ಣ ಬೆಂಕಿ ಒಳ್ಳೆಯದಿರಬಹುದು’ ಅನ್ನುವ ಮಾತಿಗೆ ಇಷ್ಟು ತೂಕವಿದೆ. ಬಾಯಿಗೆ ಬಂದ ಹಾಗೆ ಹೇಳೋಕಾಗಲ್ಲ. ಹಾಗಂತ ಹೇಳದೆ ಇರೋದೂ ಸರಿಯಲ್ಲ.

ಮೈಸೂರಿನ ತರಗತಿ 2024ರ ಜನವರಿಯಲ್ಲಿ ನಡೆಯಿತು. ಕುದುರೆಮುಖದ ಶೋಲಾ ಕಾಡಿನಲ್ಲಿ ಕಪ್ಪೆ ನೋಡುವವಳು, ಕಾಳಿ ಹುಲಿ ಮೀಸಲು ಪ್ರದೇಶದಲ್ಲಿ ಮಂಗಟ್ಟೆ ಹಕ್ಕಿಯ ಗೂಡು ಕಾಯುವವನು, ನಾಗರಹೊಳೆಯಲ್ಲಿ ಸಗಣಿ ಹುಳುಗಳ ಲೆಕ್ಕ ಮಾಡುವವಳು, ರಂಗನತಿಟ್ಟಿನಲ್ಲಿ ನೀರಿನ ಮಟ್ಟ ಅಳೆಯುವವಳು, ಹೀಗೆ ನಾವೆಲ್ಲ. ಎಲ್ಲರೂ ಹೆಚ್ಚು ಕಡಿಮೆ ಒಂದೇ ವಯಸ್ಸಿನವರು. ಎಲ್ಲರಿಗೂ ಪ್ರೆಸೆಂಟೇಷನ್ ಕೊಟ್ಟು ಅಭ್ಯಾಸ ಇತ್ತು. ಕೈಯಲ್ಲಿ ಸ್ಲೈಡ್ ಇಲ್ಲದೆ, ಮರದ ಕೆಳಗೆ ನಿಂತು, ಪರಿಚಯ ಇಲ್ಲದವರಿಗೆ ತಮ್ಮ ಕೆಲಸ ಹೇಳಿ ಅಭ್ಯಾಸ ಯಾರಿಗೂ ಇರಲಿಲ್ಲ.

ಮೊದಲ ಅಭ್ಯಾಸ ಸಮಯ ಕಡಿಮೆ ಮಾಡುತ್ತಾ ಹೋಗುವುದು. ನಿಮ್ಮ ಕೆಲಸವನ್ನು ಒಂದು ನಿಮಿಷದಲ್ಲಿ ಹೇಳಿ. ಈಗ ಅದನ್ನೇ ಅರ್ಧ ನಿಮಿಷದಲ್ಲಿ. ಈಗ ಕಾಲು ನಿಮಿಷ. ವಿಜ್ಞಾನ ಸಂವಹನ ಕಲಿಸುವವರು ಹಲವು ದೇಶಗಳಲ್ಲಿ ಮಾಡಿಸುವ ಅಭ್ಯಾಸ ಇದು. ಕಾಲು ನಿಮಿಷಕ್ಕೆ ಇಳಿದಾಗ ಉಳಿಯುವುದು ಏನು ಅನ್ನುವುದು ಮುಖ್ಯ. ಕಪ್ಪೆಯವಳ ಮಾತಿನಲ್ಲಿ ಕೊನೆಗೆ ಉಳಿದದ್ದು ಒಂದೇ ವಾಕ್ಯ: ‘ಮಳೆ ಶುರುವಾಗುವ ದಿನ ಏರುಪೇರಾದರೆ ಈ ಕಪ್ಪೆ ಕೂಗುವ ದಿನವೂ ಏರುಪೇರಾಗುತ್ತಾ ಅಂತ ನೋಡ್ತಿದೀನಿ.’ ಅವಳ ಇಡೀ ಥೀಸಿಸ್ ಅದರಲ್ಲಿತ್ತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಇನ್ನೊಂದು ಅಭ್ಯಾಸ ನಾಟಕದ್ದು. ಒಬ್ಬರು ವಿಜ್ಞಾನಿ, ಇನ್ನೊಬ್ಬರು ಕೇಳುವವರು. ಕೇಳುವವರ ಪಾತ್ರ ಚೀಟಿಯಲ್ಲಿ ಬರೆದಿರುತ್ತದೆ: ಮಗುವಿಗೆ ಹಸಿವಾಗಿದೆ ಅಂತ ಅವಸರದಲ್ಲಿರುವ ತಾಯಿ, ಎಲ್ಲ ಗೊತ್ತಿದೆ ಅನ್ನುವ ಫೋಟೋಗ್ರಾಫರ್, ರಾತ್ರಿಯಿಡೀ ಆನೆ ಓಡಿಸಿ ಬೆಳಗ್ಗೆ ಬಂದ ರೈತ. ಅಮೆರಿಕದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ 2009ರಿಂದ ನಟ ಅಲನ್ ಆಲ್ಡಾ ಅವರು ವಿಜ್ಞಾನಿಗಳಿಗೆ ಹೀಗೆ ಅಭಿನಯದ ಮೂಲಕ ಕಲಿಸುವ ಕೆಲಸ ಶುರು ಮಾಡಿಸಿದರಂತೆ. ನಮಗೆ ಇದನ್ನು ಮಾಡಿಸಿದವರು ಮೈಸೂರಿನ ಹವ್ಯಾಸಿ ರಂಗದವರು. ಎದುರಿಗಿರುವವರ ಕಣ್ಣು ಎಲ್ಲಿ ಹೋಗುತ್ತಿದೆ ಅಂತ ನೋಡುತ್ತಾ ಮಾತಾಡುವುದನ್ನು ಇದರಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸಲಿಲ್ಲ. ರೈತನ ಚೀಟಿ ಬಂದ ಗೆಳೆಯ ಕೊನೆಯವರೆಗೂ ಒಂದು ಮಾತೂ ಆಡಲಿಲ್ಲ. ಸುಮ್ನೆ ಕೂತಿದ್ದ. ಎದುರಿಗಿದ್ದವಳು ಕೊನೆಗೆ ತನ್ನ ಹುಳುವಿನ ಮಾತು ಬಿಟ್ಟು, ‘ರಾತ್ರಿ ಎಷ್ಟು ಆನೆ ಬಂದಿತ್ತು ಅಣ್ಣ?’ ಅಂತ ಕೇಳಿದಳು. ಅಲ್ಲಿಂದ ಮಾತು ಶುರುವಾಯಿತು.

ತರಗತಿಯಲ್ಲಿ ಒಂದು ವಿಷಯಕ್ಕೆ ಗಟ್ಟಿಯಾಗಿಯೇ ಚರ್ಚೆ ನಡೆಯಿತು. ಅದನ್ನು ಇಲ್ಲಿ ಬಿಡಿಸಿ ಹೇಳಬೇಕು. ಈ ಇಡೀ ಅನುಭವದಲ್ಲಿ ನನಗೆ ಮುಖ್ಯವಾಗಿ ಉಳಿದದ್ದು ಅದೇ.

ತರಬೇತುದಾರರಲ್ಲಿ ಒಬ್ಬರು ಜಾಹೀರಾತು ಕ್ಷೇತ್ರದಿಂದ ಬಂದವರು. ಅವರ ಸೂತ್ರ ಒಂದೇ: ಒಂದು ಮಾತು ಹೇಳಿ, ಖಚಿತವಾಗಿ ಹೇಳಿ. ‘ಇರಬಹುದು’, ‘ಇನ್ನೂ ನೋಡುತ್ತಿದ್ದೇವೆ’ ಎಂದರೆ ಕೇಳುವವರಿಗೆ ನಂಬಿಕೆ ಹೋಗುತ್ತದೆ. ನನ್ನ ವಿಷಯಕ್ಕೆ ಅವರು ಬರೆದುಕೊಟ್ಟ ಸಾಲು ‘ಲಂಟಾನ ಕಿತ್ತರೆ ಕಾಡು ಉಳಿಯುತ್ತದೆ’. ಕೇಳೋಕೆ ಚೆನ್ನಾಗಿದೆ. ಆದರೆ ಅದು ನಿಜವಲ್ಲ. ಕಿತ್ತ ಜಾಗದಲ್ಲಿ ಬೇರೇನನ್ನೂ ಮಾಡದೆ ಬಿಟ್ಟರೆ ಲಂಟಾನ ಮತ್ತೆ ಬರುತ್ತದೆ. ಹಕ್ಕಿಗಳು ಅದರ ಹಣ್ಣು ತಿಂದು ಬೀಜ ತಂದು ಹಾಕುತ್ತವೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ದೇಶದ ಹುಲಿ ಕಾಡುಗಳಲ್ಲಿ ಸುಮಾರು 1.54 ಲಕ್ಷ ಚದರ ಕಿಲೋಮೀಟರ್‌ನಲ್ಲಿ ಲಂಟಾನ ಇದೆ. ಅಷ್ಟನ್ನೂ ಕೀಳಲು ಯಾರಿಂದ ಸಾಧ್ಯ? ಹಾಗಾಗಿ ಆ ಸಾಲು ಹೇಳಲು ನನಗೆ ಮನಸ್ಸಾಗುವುದಿಲ್ಲ ಅಂತ ಅವರಿಗೆ ಹೇಳಿದೆ. ಅವರು ಒಪ್ಪಲಿಲ್ಲ. ‘ಪೂರ್ತಿ ಸತ್ಯ ಹೇಳೋಕೆ ಹೋದರೆ ಯಾರೂ ಕೇಳಲ್ಲ’ ಅಂದರು.

ಮಾರನೆಯ ದಿನ ಬಂದವರು ಆಕಾಶವಾಣಿಯಲ್ಲಿ ಬಹಳ ವರ್ಷ ಕೃಷಿ ಕಾರ್ಯಕ್ರಮ ಮಾಡಿ ನಿವೃತ್ತರಾದವರು. ನಾವೆಲ್ಲ ಅವರನ್ನು ಅಮ್ಮ ಅಂತಲೇ ಕರೆಯುತ್ತಿದ್ದೆವು. ಹಿಂದಿನ ದಿನದ ಚರ್ಚೆ ಅವರ ಕಿವಿಗೂ ಬಿದ್ದಿತ್ತು. ಅವರು ಹೇಳಿದ್ದು ಇಷ್ಟು: ‘ರೈತರಿಗೆ ಹವಾಮಾನ ವರದಿ ಓದಿ ಓದಿ ನಂಗೆ ಒಂದು ಗೊತ್ತಾಗಿದೆ. ಮಳೆ ಬರಬಹುದು ಅಂದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಬಂದೇ ಬರುತ್ತೆ ಅಂತ ಹೇಳಿ ಬರದೇ ಇದ್ರೆ ಆಮೇಲೆ ರೇಡಿಯೋ ಹಾಕೋದೇ ಬಿಡ್ತಾರೆ.’ ಆಮೇಲೆ ನಮ್ಮ ಕೈಯಲ್ಲಿ ಒಂದೊಂದು ಹಾಳೆ ಕೊಟ್ಟು ಮೂರು ಭಾಗ ಮಾಡಿಸಿದರು. ಏನು ಗೊತ್ತಿದೆ. ಅದು ಹೇಗೆ ಗೊತ್ತಾಯಿತು. ಇನ್ನೂ ಏನನ್ನು ನೋಡುತ್ತಿದ್ದೀರಿ. ಮೂರಕ್ಕೂ ಎರಡೆರಡು ಸಾಲು ಮಾತ್ರ.

ನಡುವಿನ ಭಾಗವನ್ನು ಯಾರೂ ಬಿಡಬಾರದು ಅಂತ ಅವರು ಒತ್ತಿ ಹೇಳಿದರು. ಹೇಗೆ ಗೊತ್ತಾಯಿತು ಅನ್ನುವುದನ್ನು ಹೇಳಿದರೆ ಕೇಳುವವರು ತಾವೇ ತೂಗಿ ನೋಡುತ್ತಾರೆ. ಇನ್ನೂ ಗೊತ್ತಾಗಿಲ್ಲ ಅನ್ನುವುದು ಕೂಡ ಆಗ ಪೊಳ್ಳು ಅನ್ನಿಸುವುದಿಲ್ಲ. ನನಗೆ ಬೇಕಾಗಿದ್ದ ದಾರಿ ಇದೇ ಆಗಿತ್ತು. ಆ ಹಾಳೆಯನ್ನು ಈಗಲೂ ಪ್ರತಿ ಮಾತಿಗೆ ಮೊದಲು ಬರೆದುಕೊಳ್ಳುತ್ತೇನೆ.

ಪತ್ರಕರ್ತರ ಜೊತೆ ಮಾತಾಡುವ ಪಾಠ, ವಿಡಿಯೋ ಮಾಡುವ ಪಾಠ ಕೂಡ ಇದ್ದವು. ವಿಡಿಯೋ ವಿಷಯದಲ್ಲಿ ನಾನು ಆಗಲೇ ಒಂದು ತೀರ್ಮಾನಕ್ಕೆ ಬಂದೆ. ತರಗು ಬೆಂಕಿಯ ಬಗ್ಗೆ ಚಿಕ್ಕ ರೀಲ್ ಮಾಡುವುದಿಲ್ಲ. ಮುಂದಿನ ಹಿಂದಿನ ಮಾತು ಕತ್ತರಿಸಿ ‘ಕಾಡಿಗೆ ಬೆಂಕಿ ಹಾಕಿ ಅಂದರು ವಿಜ್ಞಾನಿ’ ಅಂತ ಹಂಚಿದರೆ ಅದರ ಪೆಟ್ಟು ಬೀಳುವುದು ನನಗಲ್ಲ. ಎಲ್ಲೋ ಹೊಗೆ ಕಂಡರೂ ಮೊದಲು ಪೋಡಿನ, ಅಂದರೆ ಸೋಲಿಗರ ಹಾಡಿಯ, ಜನರನ್ನೇ ಕೇಳುತ್ತಾರೆ. ಎದುರು ಕೂತು, ಪ್ರಶ್ನೆ ಕೇಳೋಕೆ ಅವಕಾಶ ಇರುವ ಕಡೆ ಮಾತ್ರ ಈ ವಿಷಯ ಹೇಳಬೇಕು. ಎಲ್ಲವನ್ನೂ ಎಲ್ಲ ಕಡೆ ಹಂಚಿ ಅನ್ನುವ ಸಲಹೆ ಎಲ್ಲ ವಿಷಯಕ್ಕೂ ಹೊಂದುವುದಿಲ್ಲ.

ಫೆಬ್ರವರಿಯಿಂದ ಕಾಡಿನ ಭಾಗ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. 2023ರ ಆಗಸ್ಟ್, 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿದ್ದವು. ಬಿಳಿಗಿರಿಗೆ ಮುಂಗಾರು, ಹಿಂಗಾರು ಎರಡೂ ಬರುತ್ತವೆ. ಆದರೂ ಆ ಬೇಸಿಗೆಯಲ್ಲಿ ಕೆಳಗಿನ ಒಣ ಕಾಡು ಕಾಲಿಟ್ಟರೆ ಸದ್ದಾಗುವ ಹಾಗಿತ್ತು.

ನನಗೆ ಮೊದಲು ಸಿಕ್ಕ ಜಾಗ ಕ್ಯಾತೇದೇವರ ಗುಡಿಯ ಸಫಾರಿ ಹೊರಡುವ ಕಡೆ. ಎಲ್ಲರೂ ಕೆ. ಗುಡಿ ಅನ್ನುತ್ತಾರೆ. ಜೀಪ್ ಹೊರಡುವವರೆಗೆ ಜನ ಕಾಯುತ್ತಾ ನಿಂತಿರುತ್ತಾರೆ. ಆ ಹೊತ್ತೇ ನನ್ನದು. ಹೆಚ್ಚಿನವರು ಬೆಂಗಳೂರು, ಮೈಸೂರು ಕಡೆಯವರು. ಅವರ ಮೊದಲ ಪ್ರಶ್ನೆ ಯಾವಾಗಲೂ ‘ಹುಲಿ ಸಿಗುತ್ತಾ?’ ಈ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಿ ಲಂಟಾನದ ಪಾಠ ಶುರು ಮಾಡಬಾರದು ಅಂತ ನನಗೆ ಮೈಸೂರಿನಲ್ಲೇ ಸ್ಪಷ್ಟವಾಗಿತ್ತು. ಹುಲಿ ನೋಡೋಕೆ ದುಡ್ಡು ಕೊಟ್ಟು, ಬೆಳಗಿನ ಜಾವ ಎದ್ದು ಬಂದವರು ಅವರು. ಆ ಆಸೆ ಒಳ್ಳೆಯದೇ. ಅಲ್ಲಿಂದಲೇ ಹೊರಡಬಹುದು.

ಹಾಗಾಗಿ ಹುಲಿಯಿಂದಲೇ ಶುರು ಮಾಡುತ್ತಿದ್ದೆ. ರಸ್ತೆ ಬದಿಯ ಪೊದೆ ತೋರಿಸಿ, ‘ಇದರೊಳಗೆ ಹುಲಿ ಮಲಗಿದ್ದರೂ ನಿಮಗೆ ಕಾಣಲ್ಲ’ ಅನ್ನುತ್ತಿದ್ದೆ. ಎಲ್ಲರೂ ಆ ಕಡೆ ತಿರುಗುತ್ತಿದ್ದರು. ಹುಲಿಗೆ ಅಡಗೋಕೆ ಲಂಟಾನ ಚೆನ್ನಾಗಿದೆ. ಆದರೆ ಹುಲಿ ತಿನ್ನುವ ಜಿಂಕೆ, ಕಾಟಿಗಳಿಗೆ ಬೇಕಾದದ್ದು ಹುಲ್ಲು. ಪೊದೆಯ ಕೆಳಗೆ ಹುಲ್ಲಿಲ್ಲ, ಬಗ್ಗಿ ನೋಡಿ. ಬಗ್ಗಿ ನೋಡುತ್ತಿದ್ದರು. ಲಂಟಾನದ ಎಲೆ ಕಿತ್ತು ಉಜ್ಜಿ ಮೂಸಲು ಕೊಡುತ್ತಿದ್ದೆ. ದಕ್ಷಿಣ ಅಮೆರಿಕದ ಕಡೆಯ ಗಿಡ, ಬ್ರಿಟಿಷರ ಕಾಲದಲ್ಲಿ ತೋಟದ ಚಂದಕ್ಕೆ ಅಂತ ಬಂದದ್ದು, ಈಗ ಇಲ್ಲೆಲ್ಲ ಇದೆ. ನಿಮ್ಮ ಊರಿನ ಬೇಲಿಯಲ್ಲೂ ಇರುತ್ತೆ ಅಲ್ವಾ ಅಂದರೆ ಹೌದು ಹೌದು ಅನ್ನುತ್ತಿದ್ದರು.

ಹವಾಮಾನದ ಮಾತಿಗೆ ನಾನು ಆಯ್ದುಕೊಂಡದ್ದು ತರಗೆಲೆ. ಗಾಳಿ ಬಿಸಿಯಾದಷ್ಟೂ ಜಾಸ್ತಿ ತೇವ ಹಿಡಿದುಕೊಳ್ಳುತ್ತದೆ. ಒಂದು ಡಿಗ್ರಿಗೆ ಸುಮಾರು ಶೇ 7ರಷ್ಟು. ಮಳೆ ಇಲ್ಲದ ದಿನಗಳಲ್ಲಿ ಆ ತೇವವನ್ನು ನೆಲದಿಂದ, ಎಲೆಯಿಂದ ಎಳೆದುಕೊಳ್ಳುತ್ತದೆ. ಇದನ್ನು ಬಾಯಿಮಾತಲ್ಲಿ ಹೇಳಿದರೆ ಯಾರಿಗೂ ತಟ್ಟುವುದಿಲ್ಲ. ಬೆಳಗಿನ ಸಫಾರಿಗೆ ಬಂದವರ ಕೈಗೆ ಒಂದು ಹಿಡಿ ತರಗು ಕೊಟ್ಟು ಮುದುರಿ ಅನ್ನುತ್ತಿದ್ದೆ. ಇಬ್ಬನಿಯ ತೇವಕ್ಕೆ ಅದು ಬಾಗುತ್ತದೆ, ಪುಡಿಯಾಗುವುದಿಲ್ಲ. ಮಧ್ಯಾಹ್ನದ ಸಫಾರಿಯವರು ಮುದುರಿದರೆ ಅದೇ ಜಾಗದ ತರಗು ಪುಡಿಪುಡಿ. ಬೆಳಗ್ಗೆ, ಮಧ್ಯಾಹ್ನ ಎರಡೂ ಸಫಾರಿಗೆ ಬಂದವರಿಗೆ ಎರಡೂ ಕೈಗೆ ಸಿಗುತ್ತಿತ್ತು. ಬೇಸಿಗೆ ಇನ್ನೂ ಸ್ವಲ್ಪ ಬಿಸಿಯಾದರೆ, ತರಗು ಹೀಗೆ ಪುಡಿಯಾಗುವ ಗಂಟೆಗಳು ದಿನಕ್ಕೆ ಇನ್ನೂ ಕೆಲವು ಜಾಸ್ತಿಯಾಗುತ್ತವೆ. ಅಷ್ಟು ಹೊತ್ತು ಜಾಸ್ತಿ ಈ ಕಾಡು ಒಂದು ಕಿಡಿಗೆ ಹೆದರಬೇಕು. ಲಂಟಾನ ಮಧ್ಯದಲ್ಲಿದ್ದರೆ ನೆಲದ ಬೆಂಕಿಗೆ ಅದು ಏಣಿ ಇಟ್ಟ ಹಾಗೆ. ಮರದ ಕೊಂಬೆಯವರೆಗೂ ಹತ್ತುತ್ತದೆ.

ಆ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿನ ತಾಪತ್ರಯ ಜೋರಾಗಿತ್ತು. ‘ನಮ್ಮ ಅಪಾರ್ಟ್‌ಮೆಂಟ್‌ಗೆ ಟ್ಯಾಂಕರ್ ಕೂಡ ಸಿಗ್ತಿಲ್ಲ. ಇದೇ ಕ್ಲೈಮೇಟ್ ಚೇಂಜ್ ಅಲ್ವಾ ಮೇಡಂ?’ ಅಂತ ಒಬ್ಬರು ಕೇಳಿದರು. ಹೌದು ಅಂದುಬಿಟ್ಟರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು, ಎಲ್ಲರೂ ತಲೆಯಾಡಿಸುತ್ತಿದ್ದರು. ನಾನು ಮೂರು ಭಾಗದ ಹಾಳೆ ನೆನೆದೆ. ದೇಶದ ಸರಾಸರಿ ಉಷ್ಣಾಂಶ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿ ಏರಿದೆ. ಇದು ಗೊತ್ತಿದೆ. ಊರೂರಿನ ಥರ್ಮಾಮೀಟರ್ ಲೆಕ್ಕ ನೂರಕ್ಕೂ ಹೆಚ್ಚು ವರ್ಷ ಬರೆದಿಟ್ಟದ್ದರಿಂದ ಗೊತ್ತಾಗಿದೆ. ಕಳೆದ ವರ್ಷದ ಬರಕ್ಕೆ ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೋ ದೊಡ್ಡ ಕಾರಣ. ಅದು ಹಿಂದೆಯೂ ಬರುತ್ತಿತ್ತು. ಬೆಂಗಳೂರಿನ ಕೆರೆ, ಅಂತರ್ಜಲದ ಕತೆ ಬೇರೆ, ಅದು ನಾವೇ ಮಾಡಿಕೊಂಡದ್ದು. ಒಂದೇ ವರ್ಷ ನೋಡಿ ಹವಾಮಾನ ಬದಲಾವಣೆ ಅಂತ ಹೇಳೋಕಾಗಲ್ಲ. ಆದರೆ ಬಿಸಿಯಾದ ಗಾಳಿಯಲ್ಲಿ ಬರುವ ಬರ, ತಂಪು ಗಾಳಿಯಲ್ಲಿ ಬಂದ ಬರಕ್ಕಿಂತ ಕಾಡನ್ನು ಜಾಸ್ತಿ ಒಣಗಿಸುತ್ತದೆ. ಇಷ್ಟು ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಜೀಪ್ ಬಂದರೂ ಹತ್ತದೆ ಅಂತರ್ಜಲದ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಿದರು. ಜನಕ್ಕೆ ಕಷ್ಟದ ಉತ್ತರ ಬೇಡ ಅನ್ನುವುದನ್ನು ನಾನು ಅಂದಿನಿಂದ ಪೂರ್ತಿ ನಂಬುವುದಿಲ್ಲ.

ಪೋಡಿನ ಶಾಲೆಗೂ ಹೋಗಿದ್ದೆ. ಅಲ್ಲಿ ನಾನು ಹೇಳಿದ್ದು ಕಡಿಮೆ. ಯಾವ ಗಿಡ ಯಾವಾಗ ಹೂ ಬಿಡುತ್ತದೆ ಅಂತ ಮಕ್ಕಳೇ ಹೇಳಿದರು, ನಾವೆಲ್ಲ ಸೇರಿ ಗೋಡೆಯ ಮೇಲೆ ಹನ್ನೆರಡು ತಿಂಗಳ ಚಾರ್ಟ್ ಮಾಡಿದೆವು. ಮೇಷ್ಟ್ರು ಅದನ್ನು ಮುಂದುವರಿಸುತ್ತಿದ್ದಾರೆ.

ಕಾಡು ಕಾಯುವ ವಾಚರ್‌ಗಳ ಜೊತೆಗಿನ ಮಾತು ಬೇರೆಯದೇ ಆಗಿತ್ತು. ಕಳ್ಳಬೇಟೆ ತಡೆಯುವ ಆ್ಯಂಟಿ ಪೋಚಿಂಗ್ ಕ್ಯಾಂಪ್‌ಗಳಲ್ಲಿ ಇರುವವರು ಬಹಳಷ್ಟು ಮಂದಿ ಸೋಲಿಗರೇ. ಚಳಿಗಾಲದಲ್ಲಿ ಬೆಂಕಿ ದಾಟದ ಹಾಗೆ ಫೈರ್ ಲೈನ್ ಸವರುವುದು, ಬೇಸಿಗೆಯಲ್ಲಿ ಹೊಗೆ ಕಂಡ ಕಡೆ ಹಸಿ ಸೊಪ್ಪು ಹಿಡಿದು ಓಡುವುದು ಇವರ ಕೆಲಸ. ರೇಂಜ್ ಆಫೀಸರ್ ಅನುಮತಿ ಕೊಟ್ಟರು, ತಾವೂ ಬಂದು ಕೂತರು. ಸಂಜೆ, ಕ್ಯಾಂಪ್ ಮುಂದೆ, ಟೀ ಲೋಟ ಹಿಡಿದುಕೊಂಡು ಎಲ್ಲರೂ ಕೆಳಗೇ ಕೂತೆವು.

ಮೈಸೂರಿನಲ್ಲಿ ಕಲಿತ ಒಂದು ಪದ್ಧತಿಯಂತೆ ಮೊದಲು ಅವರನ್ನೇ ಕೇಳಿದೆ: ಈ ಸಲದ ತರಗು ಹೇಗಿದೆ? ಇಪ್ಪತ್ತು ವರ್ಷದಿಂದ ಕೆಲಸದಲ್ಲಿರುವ ಅಣ್ಣ ಒಬ್ಬರು ಬೀಟ್ ಬೀಟಾಗಿ ಹೇಳುತ್ತಾ ಹೋದರು. ಯಾವ ಹಳ್ಳದಲ್ಲಿ ನೀರು ನಿಂತಿದೆ, ಯಾವ ಗುಡ್ಡದ ಪಡುವಣ ಬದಿ ಮೊದಲು ಒಣಗುತ್ತದೆ, ಬಿದಿರು ಎಲ್ಲಿ ಒಣಗಿ ಬಿದ್ದಿದೆ. ನನ್ನ ನೋಟ್‌ಬುಕ್‌ನಲ್ಲಿ ಇದ್ದದ್ದಕ್ಕಿಂತ ಜಾಸ್ತಿ ವಿವರ ಅದರಲ್ಲಿತ್ತು. ಆಮೇಲೆ ನಾನು ಪ್ಲಾಟ್‌ಗಳ ಲೆಕ್ಕ ಹೇಳಿದೆ. ಶೇ 41 ಇದ್ದದ್ದು 81 ಆಯಿತು ಅಂದಾಗ ಅಲ್ಲೇ ಇದ್ದ ತಾತ ಒಬ್ಬರು, ಕೆಲಸದಿಂದ ನಿವೃತ್ತರಾಗಿ ಮಗನ ಜೊತೆ ಬಂದಿದ್ದವರು, ಮಾತು ತೆಗೆದರು. ‘ನಮ್ಮಪ್ಪನ ಕಾಲ್ದಲ್ಲಿ ತರಗು ಬೆಂಕಿ ಹಾಕೋರು ಕನವ್ವ. ಮೊಣಕಾಲುದ್ದನೂ ಏಳ್ತಿರ್ಲಿಲ್ಲ. ಈಗ ಬಿದ್ರ ಮರ ಮುಳುಗ್ಸ್ತದ.’

ಒಂದು ಕ್ಷಣ ಎಲ್ಲರೂ ಆಫೀಸರ್ ಮುಖ ನೋಡಿದರು. ಅವರು ಏನೂ ಅನ್ನಲಿಲ್ಲ. ಆಗ ಕಿರಿಯ ವಾಚರ್ ಒಬ್ಬ ನೇರವಾಗಿ ಕೇಳಿದ: ‘ಹಂಗಾರ ಬೆಂಕಿ ಹಾಕ್ಬೋದಾ, ಬ್ಯಾಡ್ವಾ? ಅದ ಹೇಳಿ ಮೇಡಂ.’

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ತರಬೇತಿಯಲ್ಲಿ ಗೆಳೆಯರೆಲ್ಲ ಸೇರಿ ಇದೇ ಪ್ರಶ್ನೆಯನ್ನು ನನಗೆ ಮತ್ತೆ ಮತ್ತೆ ಕೇಳಿ ತಾಲೀಮು ಮಾಡಿಸಿದ್ದರು. ಹಾಗಾಗಿ ಉತ್ತರ ಸಿದ್ಧವಿತ್ತು. ಇವತ್ತು ಹಾಕೋ ಹಾಗಿಲ್ಲ. ಒಂದು, ಕಾನೂನು ಬಿಡುವುದಿಲ್ಲ. ಎರಡು, ತಾತನವರ ಕಾಲದಲ್ಲಿ ಕೆಳಗಿದ್ದದ್ದು ಬರೀ ತರಗು ಮತ್ತು ಹುಲ್ಲು. ಈಗ ತಲೆ ಎತ್ತರದ ಲಂಟಾನ ಇದೆ. ಅದೇ ಕಿಡಿ ಈಗ ಬೇರೆ ಬೆಂಕಿಯಾಗುತ್ತದೆ. ಇದು ನನಗೆ ಖಚಿತವಾಗಿ ಗೊತ್ತು. ಲಂಟಾನ ಎಳೆಯದಿದ್ದಾಗ ತರಗು ಬೆಂಕಿ ಅದನ್ನು ಹಿಡಿತದಲ್ಲಿ ಇಟ್ಟಿತ್ತು ಅನ್ನುವ ತಾತನ ಮಾತು ಸರಿ ಇರಬಹುದು. ಅದಕ್ಕೆ ಒಲವು ತೋರಿಸುವ ಕಾರಣಗಳಿವೆ. ಆದರೆ ಇಲ್ಲಿನ ನೆಲದಲ್ಲಿ, ಹಾಕಿದ ಜಾಗ ಮತ್ತು ಹಾಕದ ಜಾಗ ಅಕ್ಕಪಕ್ಕ ಇಟ್ಟು, ಹಲವು ವರ್ಷ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಮೊದಲು ಲಂಟಾನ ತೆಗೆದು, ಆಮೇಲೆ ಇಲಾಖೆಯವರ ಜೊತೆ, ನಿಮ್ಮ ಜೊತೆ ಸೇರಿ ಸಣ್ಣ ಜಾಗದಲ್ಲಿ ಮಾಡಿ ನೋಡಬೇಕು. ಅದಕ್ಕೆ ಅನುಮತಿ ಬೇಕು. ಕೇಳುತ್ತೇವೆ.

ಆ ಹುಡುಗ ತಲೆ ಕೆರೆದುಕೊಂಡ. ‘ಅಂಗಂದ್ರ ಇನ್ನೂ ಗೊತ್ತಿಲ್ಲ’ ಅಂದ. ಹೌದು ಅಂದೆ. ಯಾರಿಗೂ ನಂಬಿಕೆ ಹೋದ ಹಾಗೆ ಕಾಣಲಿಲ್ಲ. ಬದಲಿಗೆ ತಾತ ನನ್ನನ್ನು ಪರೀಕ್ಷೆ ಮಾಡುವ ಹಾಗೆ ಪ್ರಶ್ನೆ ಕೇಳಿದರು. ಯಾವ ತಿಂಗಳಲ್ಲಿ ಹಾಕಿ ನೋಡ್ತೀರಿ? ಇಬ್ಬನಿ ಇದ್ದಾಗಲಾ, ಆಮೇಲಾ? ಗಾಳಿ ಯಾವ ಕಡೆಯಿಂದ? ಜಿಂಕೆ ಮರಿ ಹಾಕಿರುವ ಕಡೆ ಬಿಡ್ತೀರಾ? ಇವು ಪ್ರಯೋಗದ ವಿನ್ಯಾಸಕ್ಕೆ ಬೇಕಾದ ಪ್ರಶ್ನೆಗಳೇ. ಮಾತು ಕತ್ತಲಾಗುವವರೆಗೂ ನಡೆಯಿತು. ಆಫೀಸರ್ ಕೂಡ ಕೊನೆಗೆ ಸೇರಿಕೊಂಡರು. ಅನುಮತಿ ಕೊಡುವುದು ತಮ್ಮ ಕೈಯಲ್ಲಿಲ್ಲ, ಆದರೆ ಬರೆದು ಕೊಡಿ ಅಂದರು.

ತರಬೇತಿಯಲ್ಲಿ ಅಮೆರಿಕದ ಮೈನ್ ರಾಜ್ಯದ ಅಕೇಡಿಯ ರಾಷ್ಟ್ರೀಯ ಉದ್ಯಾನದ ಬಗ್ಗೆ ಒಂದು ಪಾಠ ಇತ್ತು. ಅಲ್ಲಿ ಸಂಶೋಧನೆಗೆ ಫೆಲೋಶಿಪ್ ಪಡೆದ ಯುವ ವಿಜ್ಞಾನಿಗಳಿಗೆ ಜನರ ಜೊತೆ ಮಾತಾಡುವ ತರಬೇತಿಯೂ ಅದರ ಭಾಗವೇ. ಹಣ ಕೊಡುವಾಗಲೇ ಇದಕ್ಕೂ ಸಮಯ ಇಟ್ಟಿರುತ್ತಾರೆ. ನಮ್ಮಲ್ಲಿ ಇದು ಬಿಡುವಿದ್ದರೆ ಮಾಡುವ ಕೆಲಸ. ಥೀಸಿಸ್‌ಗೆ ಲೆಕ್ಕವಿಲ್ಲ, ಕೆಲಸಕ್ಕೆ ಅರ್ಜಿ ಹಾಕುವಾಗ ಕೇಳುವವರಿಲ್ಲ. ನನ್ನ ಗೈಡ್ ಒಳ್ಳೆಯವರು, ಬಿಟ್ಟರು. ಗೆಳೆಯರಲ್ಲಿ ಇಬ್ಬರು ರಜೆ ಹಾಕಿ ಬಂದಿದ್ದರು. ಇದು ಬದಲಾಗಲೇಬೇಕು. ಕಾಡಿನ ಒಳಗೆ ಸಂಶೋಧನೆಗೆ ಅನುಮತಿ ಕೊಡುವಾಗ, ಫಲಿತಾಂಶವನ್ನು ಅಲ್ಲಿನ ಸಿಬ್ಬಂದಿಗೆ ಮತ್ತು ಊರಿನವರಿಗೆ ಕನ್ನಡದಲ್ಲಿ ಹೇಳಬೇಕು ಅಂತ ಷರತ್ತು ಹಾಕಿದರೂ ತಪ್ಪಿಲ್ಲ. ಹಾಗೆ ಹೇಳುವುದನ್ನು ಕಲಿಸಲು ಪಿಎಚ್‌ಡಿ ಕೋರ್ಸ್‌ವರ್ಕ್‌ನಲ್ಲಿ ಜಾಗ ಮಾಡಬೇಕು. ಮಂಗಟ್ಟೆಯ ಗೆಳೆಯ ಇದನ್ನು ಒಪ್ಪುವುದಿಲ್ಲ. ಷರತ್ತು ಹಾಕಿದರೆ ಕಾಟಾಚಾರಕ್ಕೆ ಮಾಡುತ್ತಾರೆ ಅನ್ನುತ್ತಾನೆ. ಕಾಟಾಚಾರಕ್ಕಾದರೂ ಒಮ್ಮೆ ಕ್ಯಾಂಪ್ ಮುಂದೆ ಕೂತರೆ, ಎದ್ದು ಬರುವಾಗ ಕೈಯಲ್ಲಿ ಒಂದು ಹೊಸ ಪ್ರಶ್ನೆ ಇರುತ್ತದೆ ಅನ್ನುವುದು ನನ್ನ ನಂಬಿಕೆ.

ನನ್ನ ಕೈಗೆ ಬಂದದ್ದು ತರಗಿನ ತೇವದ ಪ್ರಶ್ನೆ. ತಾತ ಕೇಳಿದ ‘ಇಬ್ಬನಿ ಇದ್ದಾಗಲಾ, ಆಮೇಲಾ’ ಅನ್ನುವುದಕ್ಕೆ ಉತ್ತರ ಕೊಡೋಕೆ, ದಿನದ ಯಾವ ಹೊತ್ತಿಗೆ ತರಗು ಎಷ್ಟು ಒಣಗಿರುತ್ತದೆ ಅಂತ ಗೊತ್ತಿರಬೇಕು. ನಾನು ತಿಂಗಳಿಗೊಮ್ಮೆ ಹೋಗಿ ಅಳೆದರೆ ಅದು ಸಿಗುವುದಿಲ್ಲ. ವಾಚರ್‌ಗಳು ಅಲ್ಲೇ ಇರುತ್ತಾರೆ. ಹಾಗಾಗಿ ಕ್ಯಾಂಪ್‌ಗೆ ಒಂದು ಸಣ್ಣ ತಕ್ಕಡಿ ಕೊಟ್ಟಿದ್ದೇವೆ. ಬೆಳಗ್ಗೆ ಒಂದು ಚೀಲ ತರಗು, ಮಧ್ಯಾಹ್ನ ಅದೇ ಜಾಗದ ಇನ್ನೊಂದು ಚೀಲ. ತೂಗಿ, ಬಿಸಿಲಿಗೆ ಪೂರ್ತಿ ಒಣಗಿಸಿ, ಮತ್ತೆ ತೂಗುವುದು. ಎರಡೂ ತೂಕ ನೋಟ್‌ಬುಕ್‌ನಲ್ಲಿ ಬರೆಯುತ್ತಾರೆ. ಲೆಕ್ಕ ಮಾಡುವುದು ಹೇಗೆ ಅಂತ ಅವರಿಗೂ ತೋರಿಸಿದ್ದೇನೆ. ಮಧ್ಯಾಹ್ನದ ಅಂಕಿ ತೀರಾ ಕೆಳಗಿಳಿದ ದಿನ ಆ ಕಡೆಯ ಬೀಟ್‌ಗೆ ಒಬ್ಬರನ್ನು ಜಾಸ್ತಿ ಕಳಿಸುವುದನ್ನು ಅವರೇ ಶುರು ಮಾಡಿದರು. ನಾನು ಹೇಳಿದ್ದಲ್ಲ.

ಪ್ರಯೋಗದ ಅರ್ಜಿ ಹೋಗಿದೆ, ಉತ್ತರಕ್ಕೆ ಕಾಯುತ್ತಿದ್ದೇವೆ. ಕ್ಯಾಂಪ್ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದ್ದೇವೆ. ಅದೇ ಮೂರು ಭಾಗ, ಎರಡೆರಡು ಸಾಲು. ಮೂರನೆಯ ಭಾಗದಲ್ಲಿ ಬೇಕೆಂದೇ ಜಾಗ ಬಿಟ್ಟಿತ್ತು, ಇನ್ನೇನು ನೋಡಬೇಕು ಅಂತ ಅವರೇ ಬರೆಯಲಿ ಅಂತ. ಅಲ್ಲಿ ಈಗ ಪೆನ್ಸಿಲ್‌ನಲ್ಲಿ ನಾಲ್ಕು ಪ್ರಶ್ನೆಗಳಿವೆ. ಒಂದು ಜೇನಿನದು: ಲಂಟಾನ ಹೂವಿಗೆ ಜೇನು ಹುಳ ಹೋಗುತ್ತವೆ, ಲಂಟಾನ ಪೂರ್ತಿ ತೆಗೆದರೆ ಜೇನು ಕಡಿಮೆಯಾಗುತ್ತದಾ? ನಮ್ಮ ಲ್ಯಾಬ್‌ಗೆ ಈ ವರ್ಷ ಸೇರಿದ ಹುಡುಗಿ ಅದನ್ನೇ ತನ್ನ ವಿಷಯ ಮಾಡಿಕೊಳ್ಳುತ್ತೇನೆ ಅನ್ನುತ್ತಿದ್ದಾಳೆ. ಮುಂದಿನ ತರಬೇತಿಗೆ ಅವಳ ಅರ್ಜಿಯನ್ನೂ ಹಾಕಿಸಿದ್ದೇವೆ.